ಕೆಂಪು ಕಾಲಿನ ಮೈಕ್ರೋಸ್ಕೋಪ್

ಆಡಿಟ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಕೊಟ್ಟೂರಿನ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಯಾವ ನಿಯಮಾವಳಿ ಮೊದಲು ಓದಬೇಕು ಎಂದು ಕೇಳುತ್ತಾರೆ. ಪ್ರಯಾಣಭತ್ಯೆ ಬಿಲ್ಲು ಬೇಗ ಪಾಸಾಗಲು ಏನು ಮಾಡಬೇಕು ಎಂದು ಕೇಳುತ್ತಾರೆ. ಹೋದ ಊರಿನಲ್ಲಿ ಸಂಜೆ ಹೊತ್ತು ಯಾರ ಹತ್ತಿರ ಮಾತಾಡಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೂ ನನ್ನ ಹತ್ತಿರ ಉತ್ತರ ಇರಲಿಲ್ಲ ಬಿಡಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಸರ್ಕಾರದ ಲೆಕ್ಕಪರಿಶೋಧನೆ ಇಲಾಖೆಯಲ್ಲಿ. ಕೊನೆಯ ಹಲವು ವರ್ಷ ನಮ್ಮ ಭಾಗದ ಒಂದು ವಿಶ್ವವಿದ್ಯಾಲಯದ ಲೆಕ್ಕ ನೋಡುವ ಹೊಣೆ ನನ್ನದಾಗಿತ್ತು. ಸಂಬಳ ಕೊಡುವುದು ನಮ್ಮ ಇಲಾಖೆ, ಕೂರುವುದು ಅವರ ಕಟ್ಟಡದಲ್ಲಿ. ಕುರ್ಚಿ ಅವರದು, ಫ್ಯಾನು ಅವರದು, ತಪ್ಪು ಹುಡುಕಬೇಕಾದದ್ದೂ ಅವರದೇ. ಹೀಗಾಗಿ ನಮಗೆ ಕೊಡುವ ಕೋಣೆ ಯಾವಾಗಲೂ ವರಾಂಡದ ತುದಿಯಲ್ಲಿ ಇರುತ್ತಿತ್ತು. ಒಂದು ಪಕ್ಕಕ್ಕೆ ನೀರಿನ ಟ್ಯಾಂಕು, ಇನ್ನೊಂದು ಪಕ್ಕಕ್ಕೆ ಮುರಿದ ಬೆಂಚುಗಳ ಗುಡ್ಡೆ. ಬೆಳಿಗ್ಗೆ ಆ ವರಾಂಡದಲ್ಲಿ ನಡೆದು ಹೋಗುವಾಗ ಪರೀಕ್ಷಾ ವಿಭಾಗದ ಒಳಗಿನಿಂದ ನಗು ಕೇಳಿಸುತ್ತಿತ್ತು. ನನ್ನ ನೆರಳು ಬಾಗಿಲಿಗೆ ಬಿದ್ದೊಡನೆ ನಗು ನಿಲ್ಲುತ್ತಿತ್ತು. ಹತ್ತು ಹೆಜ್ಜೆ ಮುಂದೆ ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು. ಮೊದಮೊದಲು ನನ್ನನ್ನೇ ನೋಡಿ ನಗುತ್ತಾರೆ ಎಂದುಕೊಳ್ಳುತ್ತಿದ್ದೆ. ಹಾಗಲ್ಲ. ಅವರು ತಮ್ಮ ಪಾಡಿಗೆ ನಗುತ್ತಿದ್ದರು. ನಾನು ಅದರ ನಡುವೆ ಬಂದು ಹೋಗುವ ಒಂದು ಮೌನ, ಅಷ್ಟೆ.

ನನಗೆ ಕೆಲಸ ಕಲಿಸಿದವರು ಹಿರೇಮಠ ಎಂಬ ಮೇಲಧಿಕಾರಿ. ಹರಪನಹಳ್ಳಿ ಕಡೆಯವರು. ಕಚ್ಚೆ ಪಂಚೆ ಉಟ್ಟು ಆಫೀಸಿಗೆ ಬರುತ್ತಿದ್ದ ಕೊನೆಯ ತಲೆಮಾರು. "ಕಾಗದ ಆಮ್ಯಾಲೆ ನೋಡಪ, ಮೊದ್ಲು ಕಣ್ಣು ಬಿಟ್ಟು ಸಾಮಾನು ನೋಡು" ಎನ್ನುವುದು ಅವರ ಪಾಠ. ಒಂದು ಸಲ ಅವರ ಜೊತೆ ರದ್ದಿ ಹರಾಜು ನೋಡಲು ಹೋಗಿದ್ದೆ. ಅವಧಿ ಮುಗಿದ ಹಳೆಯ ಉತ್ತರಪತ್ರಿಕೆಗಳನ್ನು ವಿಶ್ವವಿದ್ಯಾಲಯ ತೂಕದ ಲೆಕ್ಕದಲ್ಲಿ ಮಾರುತ್ತದೆ. ಖಾಲಿ ಲಾರಿಯನ್ನು ಒಮ್ಮೆ ತೂಗುತ್ತಾರೆ, ತುಂಬಿದ ಮೇಲೆ ಇನ್ನೊಮ್ಮೆ. ನಡುವಿನ ವ್ಯತ್ಯಾಸಕ್ಕೆ ದುಡ್ಡು. ಕಾಗದ ಪತ್ರ ಎಲ್ಲ ನೆಟ್ಟಗಿತ್ತು. ಹಿರೇಮಠರು ಕಾಗದ ಮುಟ್ಟದೆ ತೂಕದ ಕಟ್ಟೆಯ ಹತ್ತಿರ ಬೇವಿನ ನೆರಳಿಗೆ ಹೋಗಿ ನಿಂತರು. ಖಾಲಿ ಲಾರಿ ಬಂತು. ಅದರ ಮೇಲೆ ಹಮಾಲರು ಗುಂಪಾಗಿ ಕುಳಿತಿದ್ದರು, ಪಕ್ಕದಲ್ಲಿ ನೀರು ತುಂಬಿದ ಡ್ರಮ್ಮು.

"ಇವ್ರೆಲ್ಲ ಯಾರಪಾ?" ಎಂದರು ಹಿರೇಮಠರು.

"ನಮ್ ಹಮಾಲ್ರು ಸರ. ಬಿಸ್ಲಾಗ ನಡ್ಕೊಂಡು ಬರ್ತಾರಂತ ಹತ್ತಿಸ್ಕೊಂಡೀನಿ" ಎಂದ ಡ್ರೈವರು.

"ಪಾಪ, ಒಳ್ಳೇ ಮನಸು ನಿಂದು. ತುಂಬಿದ ಲಾರಿ ತೂಗುವಾಗ ಬಿಸ್ಲು ಇರಂಗಿಲ್ಲೇನು?"

ಹಮಾಲರಿಗೇ ಮೊದಲು ನಗು ಬಂತು. ಒಬ್ಬೊಬ್ಬರಾಗಿ ಇಳಿದರು. ಖಾಲಿ ಲಾರಿ ಭಾರವಾದಷ್ಟೂ ಕಾಗದ ಹಗುರಾಗುತ್ತದೆ ಎಂಬುದು ಆ ದಿನ ನನಗೆ ತಲೆಗೆ ಹೋಯಿತು. ಎಷ್ಟು ವರ್ಷದಿಂದ ಆ ಹಮಾಲರು ಹಾಗೆ ಕುಳಿತು ಬಂದಿದ್ದರೋ, ಯಾವ ಕಾಗದದಲ್ಲೂ ಅವರ ತೂಕ ಬರೆದಿರಲಿಲ್ಲ.

ಈಗ ನಿಮಗೆಲ್ಲ ಅನುಕೂಲ ಬಂದಿದೆ. ನಾವು ಟ್ರಂಕು ಹೊತ್ತುಕೊಂಡು ಕೂಡ್ಲಿಗಿಗೆ, ಹಡಗಲಿಗೆ ಬಸ್ಸು ಹಿಡಿದು ಹೋಗುತ್ತಿದ್ದೆವು. ನೀವು ಕುಳಿತಲ್ಲೇ ಖಜಾನೆಯ ಲೆಕ್ಕ ತೆರೆಯುತ್ತೀರಿ. ಸಾಮಾನು ಇದೆಯೇ ಎಂದು ಕೇಳಿದರೆ ಕಾಲೇಜಿನವರು ಮೊಬೈಲಿನಲ್ಲಿ ಫೋಟೋ ಕಳಿಸುತ್ತಾರೆ. ಫೋಟೋದಲ್ಲಿ ಸಾಮಾನು ಕಾಣುತ್ತದೆ. ಅದು ಯಾರದು, ನಾಳೆ ಅಲ್ಲಿ ಇರುತ್ತದೋ ಇಲ್ಲವೋ ಎಂಬುದು ಕಾಣುವುದಿಲ್ಲ. ನಾನು ಹೇಳಹೊರಟಿರುವ ಸಂಗತಿಯೂ ಇಂಥದ್ದೇ.

ಇದು ನಡೆದದ್ದು ನನ್ನ ನಿವೃತ್ತಿಗೆ ಕೆಲವು ವರ್ಷ ಮೊದಲು, ನಮ್ಮ ಸುತ್ತಲಿನ ಈ ತಾಲ್ಲೂಕುಗಳೊಳಗೆ. ಕಾಲೇಜುಗಳ ಊರು ಹೇಳುವುದಿಲ್ಲ. ಒಂದನ್ನು ಹೊಳೆ ಕಡೆಯ ಕಾಲೇಜು ಎನ್ನುತ್ತೇನೆ, ಒಂದನ್ನು ಗುಡ್ಡದ ಕಡೆಯ ಕಾಲೇಜು. ಮೂರನೆಯದು ಖಾಸಿಂಸಾಬರ ಕಾಲೇಜು. ಮೂರೂ ನಮ್ಮ ವಿಶ್ವವಿದ್ಯಾಲಯದ ದುಡ್ಡಿನಲ್ಲಿ ನಡೆಯುವಂಥವು.

ಖಾಸಿಂಸಾಬರು ಆ ಕಾಲೇಜಿನ ಸ್ಟೋರ್ ಕೀಪರ್. ಹಗರಿಬೊಮ್ಮನಹಳ್ಳಿಯಲ್ಲಿ ಮನೆ, ಮನೆಯ ಗಂಡಸರೆಲ್ಲ ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳು. ಇವರೊಬ್ಬರು ಕಾಲೇಜು ಸೇರಿದವರು. ಸ್ಟಾಫಿನಲ್ಲಿ ಯಾರ ಮನೆಯ ಮೋಟರು ಕೆಟ್ಟರೂ, ಯಾರ ಮಗುವಿಗೆ ಜ್ವರ ಬಂದರೂ ಮೊದಲು ಕೂಗುವುದು "ಖಾಸಿಂ, ಎಲ್ಲದೀಯೋ" ಎಂದೇ. ಕಾಲೇಜೇ ಅವರ ಓಣಿ ಎನ್ನುವ ಹಾಗೆ ಇದ್ದರು. ಅವರ ನಿವೃತ್ತಿಗೆ ಆರೇಳು ತಿಂಗಳು ಇರುವಾಗ ನಾನು ಆಡಿಟ್‌ಗೆ ಹೋದೆ. ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಒಂದು ಸಾಲು ಮೈಕ್ರೋಸ್ಕೋಪ್ ಇರಬೇಕಿತ್ತು. ಸಾಲು ಖಾಲಿ. ಮೇಜಿನ ಮೇಲೆ ಅವು ಕೂತಿದ್ದ ಜಾಗದ ಗುರುತು ಮಾತ್ರ ಉಳಿದಿತ್ತು.

ಪ್ರಿನ್ಸಿಪಾಲರನ್ನು ಕೇಳಿದೆ. ಅವರು ಹೊಸಬರು. "ದಾಸ್ತಾನು ಖಾಸಿಂಸಾಬರ ಸುಪರ್ದಿಯಲ್ಲಿದೆ, ಅವರನ್ನೇ ಕೇಳಿ" ಎಂದು ಕೈ ತೊಳೆದುಕೊಂಡರು. ಖಾಸಿಂಸಾಬರು ನನ್ನನ್ನು ವರಾಂಡಕ್ಕೆ ಕರೆದರು.

"ಸರ, ಹಳೇ ಪ್ರಿನ್ಸಿಪಾಲ್ರು ಫೋನ್ ಮಾಡಿದ್ರು. 'ಖಾಸಿಂ, ಹೊಳಿ ಕಡಿ ಕಾಲೇಜಿಗೆ ತಪಾಸಣಿ ಕಮಿಟಿ ಬರಾಕತ್ತೇತಿ, ಅಲ್ಲಿ ಲ್ಯಾಬಿನ್ಯಾಗ ಏನೂ ಇಲ್ಲ, ನಿಮ್ಮ ಮೈಕ್ರೋಸ್ಕೋಪ್ ಕಳಿಸು, ವಾರದಾಗ ಬರ್ತಾವ' ಅಂದ್ರು. ನಾನ ಗೋಣಿಚೀಲದಾಗ ಸುತ್ತಿ ಟೆಂಪೋಕ್ಕ ಏರಿಸೀನ್ರಿ."

"ಮುಟ್ಟಿದ್ದಕ್ಕ ಒಂದು ಚೀಟಿ ಬರೆಸಿಕೊಳ್ಳಲಿಲ್ಲೇನ್ರಿ ಖಾಸಿಂಸಾಬ್ರ?"

ಅವರು ನನ್ನ ಮುಖವನ್ನೇ ನೋಡಿದರು. "ಅಷ್ಟು ದೊಡ್ಡವ್ರಿಗೆ ಚೀಟಿ ಕೊಡ್ರಿ ಅಂತ ಕೇಳಾಕ ಬರ್ತೈತೇನ್ರಿ? ನನ್ನ ಮ್ಯಾಲೆ ನಂಬಿಕಿ ಇಲ್ಲೇನಲೇ ಅಂದ್ರ ನಾ ಎಲ್ಲಿ ಮುಖ ಇಡ್ಲಿ?"

ನಮ್ಮ ಕಡೆಯ ಕಚೇರಿಗಳಲ್ಲಿ ಎಷ್ಟೋ ಸಾಮಾನು ಹೀಗೇ ಹೋಗಿವೆ. ಕಳ್ಳತನಕ್ಕಿಂತ ಮರ್ಯಾದೆಗೆ ಹೋದದ್ದು ಹೆಚ್ಚು. ಹಿರಿಯರ ಕೈಯಲ್ಲಿ ಸಹಿ ಕೇಳುವುದೆಂದರೆ ಅವರ ಮಾತನ್ನು ಅನುಮಾನಿಸಿದ ಹಾಗೆ ಎಂದು ನಂಬಿದ ಜನ ನಾವು.

ಹಳೆಯ ಪ್ರಿನ್ಸಿಪಾಲರು ಆಗ ವಿಶ್ವವಿದ್ಯಾಲಯದಲ್ಲೇ ದೊಡ್ಡ ಹುದ್ದೆಯಲ್ಲಿದ್ದರು. ಕೇಳಿದ್ದಕ್ಕೆ "ನನಗೆ ನೆನಪಿಲ್ಲ" ಎಂದರು. ಹೊಳೆ ಕಡೆಯ ಕಾಲೇಜಿನವರು "ನಾವು ಯಾವತ್ತೋ ಕಳಿಸಿದ್ದೇವೆ" ಎಂದರು. ಎಲ್ಲಿಗೆ ಎಂದು ಹೇಳಲಿಲ್ಲ. ನನ್ನ ಮುಂದೆ ಇದ್ದದ್ದು ಖಾಲಿ ಸಾಲು ಮತ್ತು ಖಾಸಿಂಸಾಬರ ಸಹಿ ಇದ್ದ ದಾಸ್ತಾನು ಪುಸ್ತಕ ಮಾತ್ರ. ಆಕ್ಷೇಪಣೆ ಬರೆದೆ. ನಾವು ಅದನ್ನು ಪ್ಯಾರಾ ಎನ್ನುತ್ತೇವೆ. ಪ್ಯಾರಾ ತೀರುವ ತನಕ ಸಂಬಂಧಪಟ್ಟವರ ನಿವೃತ್ತಿಯ ದುಡ್ಡು ನಿಲ್ಲುತ್ತದೆ. ಆ ದುಡ್ಡಿನ ಧೈರ್ಯದ ಮೇಲೆ ಖಾಸಿಂಸಾಬರು ಮಗಳ ಓದು, ಮುಂದಿನ ಮದುವೆಯ ಲೆಕ್ಕ ಹಾಕಿಕೊಂಡಿದ್ದರು. ದುಡ್ಡಿಗಿಂತ ಹೆಚ್ಚಾಗಿ, ಇಷ್ಟು ವರ್ಷ ಬೀಗದ ಕೈ ಹಿಡಿದ ಮನುಷ್ಯ ಸಾಮಾನು ಕಳೆದವನೆಂದು ಹೆಸರು ಹೊತ್ತು ಮನೆಗೆ ಹೋಗಬೇಕಾಗಿತ್ತು.

ನಾನು ಹೊರಡುವಾಗ ಅವರು ಗೇಟಿನ ತನಕ ಬಂದರು. "ಅದ್ರಾಗ ಒಂದರ ಕಾಲು ಮುರಿದಿತ್ರಿ ಸರ. ನಮ್ಮ ಅಳಿಯ ವೆಲ್ಡಿಂಗ್ ಹಚ್ಚಿ ಕೊಟ್ಟ. ಕರಿ ಬಣ್ಣ ಸಿಗಲಿಲ್ಲ ಅಂತ ಟ್ರ್ಯಾಕ್ಟರಿನ ಕೆಂಪು ಬಣ್ಣ ಬಳದಾನ, ಕತ್ತೆ. ಎಲ್ಲ್ಯಾರ ಕಣ್ಣಿಗೆ ಬಿದ್ರ ನೋಡ್ರಿ." ಎಂದು ನಗಲು ನೋಡಿದರು. ಅಳಿಯ ಎಂದರೆ ಅಕ್ಕನ ಮಗ. ಅವರಿಗೆ ಧೈರ್ಯ ಹೇಳಬೇಕು ಎನ್ನಿಸಿತು. ಹೇಳುವ ಹಾಗಿರಲಿಲ್ಲ. ಯಾರ ಮೇಲೆ ಪ್ಯಾರಾ ಬರೆದಿದ್ದೇವೋ ಅವರ ಹೆಗಲ ಮೇಲೆ ಕೈ ಹಾಕಿದರೆ ನೋಡಿದವರು ಏನು ಅರ್ಥ ಮಾಡಿಕೊಳ್ಳುತ್ತಾರೆ ಎಂಬುದೇ ನಮ್ಮ ತಲೆಯಲ್ಲಿ ಮೊದಲು ಬರುವ ವಿಚಾರ. ಬಸ್ಸು ಹತ್ತಿದೆ.

ಕೆಲವು ತಿಂಗಳ ನಂತರ ಆಡಿಟ್ ಸರದಿ ಗುಡ್ಡದ ಕಡೆಯ ಕಾಲೇಜಿಗೆ ಬಂತು. ಮರುವಾರ ಅಲ್ಲಿಗೂ ಕಮಿಟಿ ಬರುವುದಿತ್ತು. ಹೊಸ ಕೋರ್ಸಿಗೆ ಅನುಮತಿ ಸಿಗಬೇಕಿತ್ತು. ಗೋಡೆಗೆ ಸುಣ್ಣ, ಕುಂಡಗಳಿಗೆ ಕೆಂಪು ಜಾಜು, ಎಲ್ಲ ಕಡೆ ಹಸಿ ಬಣ್ಣದ ವಾಸನೆ. ಲ್ಯಾಬಿನಲ್ಲಿ ಮೈಕ್ರೋಸ್ಕೋಪುಗಳು ಸಾಲಾಗಿ ಕುಳಿತಿದ್ದವು. ಕೊನೆಯದರ ಒಂದು ಕಾಲು ಕೆಂಪಗಿತ್ತು.

ನಾನು ಹತ್ತಿರ ಹೋಗಿ ಬಗ್ಗಿದೆ. ಅದರ ಬದಿಯಲ್ಲಿ ಕಾಲೇಜಿನ ದಾಸ್ತಾನು ಸಂಖ್ಯೆ ಬರೆಯುವ ಜಾಗಕ್ಕೆ ಹೊಸದಾಗಿ ಬಿಳಿ ಬಣ್ಣ ಬಳಿದಿದ್ದರು. ಅಲ್ಲಿದ್ದವನು ಅತಿಥಿ ಉಪನ್ಯಾಸಕ. ಅಂದರೆ ವರ್ಷ ವರ್ಷ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಕಾಯುವ ಹುಡುಗ. ಇಟ್ಟಿಗಿ ಊರಿನವನು.

"ಇವು ಯಾವಾಗ ಬಂದವಪ್ಪಾ?"

"ಯಾವಾಗ್ಲೂ ಇಲ್ಲೇ ಅದಾವಲ್ರಿ ಸರ" ಎಂದ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಹತ್ತಿರ ಬಂದ. "ಸರ, ಕಮಿಟಿ ಬರೂ ಮುಂದ ಎಲ್ಲ ಕಾಲೇಜಿನ್ಯಾಗೂ ಹಿಂಗ ಮಾಡ್ತಾರ್ರಿ. ಇವು ಹೊಳಿ ಕಡಿಯಿಂದ ಬಂದಾವ. ಅಲ್ಲಿಗೆ ಎಲ್ಲಿಂದ ಬಂದ್ವೋ ನಮಗ ಗೊತ್ತಿಲ್ಲ. ಕಮಿಟಿ ಮುಂದ ಹೋದಂಗ ಸಾಮಾನೂ ಮುಂದ ಹೋಗ್ತಾವ." ಆಮೇಲೆ ದನಿ ಇನ್ನೂ ಇಳಿಸಿ, "ನನ್ನ ಹೆಸರು ಬರಿಬ್ಯಾಡ್ರಿ" ಎಂದ.

ಬರೆಯಲಿಲ್ಲ. ಆದರೆ ಕಂಡದ್ದೇನೋ ಕಂಡಾಗಿತ್ತು. ಒಂದೇ ಗುಂಪು ಮೈಕ್ರೋಸ್ಕೋಪು ಮೂರು ಕಾಲೇಜು ತಿರುಗಿತ್ತು. ನಮ್ಮ ಇಲಾಖೆಯ ನನ್ನ ಜೊತೆಗಾರರು ಹೊಳೆ ಕಡೆಯ ಕಾಲೇಜಿಗೆ ಹೋದಾಗ ಅವು ಅಲ್ಲಿದ್ದವು. ಅವರು ಸಂಖ್ಯೆ ನೋಡದೆ, ಎಲ್ಲ ಸರಿ ಇದೆ ಎಂದು ಬರೆದು ಬಂದಿದ್ದರು. ಉಳಿದೆರಡು ಕಾಲೇಜುಗಳು ಸಾಮಾನು ಕೊಳ್ಳಲು ಬಂದ ದುಡ್ಡನ್ನು ಬೇರೆ ಯಾವುದಕ್ಕೋ ಖರ್ಚು ಮಾಡಿ, ಕಮಿಟಿಗೆ ಸಾಲ ತಂದ ಸಾಮಾನು ತೋರಿಸುತ್ತಿದ್ದವು.

ವಿಷಯ ತಿಳಿದೊಡನೆ ವಿಶ್ವವಿದ್ಯಾಲಯದಿಂದ ಕರೆ ಬಂತು. ಹಣಕಾಸು ಅಧಿಕಾರಿ ಒಬ್ಬ ಹೆಣ್ಣುಮಗಳು, ಮೈಸೂರು ಕಡೆಯವರು. ಕೆಟ್ಟವರಲ್ಲ. ಸಂಬಳ, ಪಿಂಚಣಿ, ಬಾಕಿ ಬಿಲ್ಲು ಎಂದು ತಿಂಗಳೆಲ್ಲ ಹೆಣಗುತ್ತಿದ್ದವರು. ಅವರ ಪಕ್ಕದಲ್ಲಿ ಹಳೆಯ ಪ್ರಿನ್ಸಿಪಾಲರು ಕುಳಿತಿದ್ದರು.

"ಕೊಟ್ರೇಶಪ್ಪನವರೇ, ವಸ್ತು ಸಿಕ್ಕಿದೆ. ಅದೇ ಮುಖ್ಯ ಅಲ್ವಾ?" ಎಂದರು ಮೇಡಂ. "ಖಾಸಿಂಸಾಬರು ಒಂದು ಹೇಳಿಕೆ ಕೊಡಲಿ. ಸ್ಟೋರಿನಲ್ಲೇ ಬೇರೆ ಕಡೆ ಇಟ್ಟು ಮರೆತಿದ್ದೆ, ಈಗ ಸಿಕ್ಕಿವೆ ಅಂತ. ನೀವು ಪ್ಯಾರಾ ಕೈಬಿಡಿ. ಅವರಿಗೆ ದುಡ್ಡು ಬರುತ್ತೆ. ಯಾವ ಕಾಲೇಜಿಗೂ ತೊಂದರೆ ಇಲ್ಲ."

ಹಳೆಯ ಪ್ರಿನ್ಸಿಪಾಲರು ಅಂದರು: "ಖಾಸಿಂ ನಮ್ಮ ಮನಿ ಮನುಷ್ಯಾ ಇದ್ದಂಗ. ನಾ ಹೇಳಿದ್ರ ಇಲ್ಲ ಅನ್ನಂಗಿಲ್ಲ."

ನಾನು ಮರುದಿನ ಹೇಳುತ್ತೇನೆ ಎಂದು ಎದ್ದು ಬಂದೆ. ಸುಳ್ಳು ಹೇಳುವುದಿಲ್ಲ, ನನಗೂ ಆ ದಾರಿ ಚಲೋ ಅನ್ನಿಸಿತ್ತು. ಬರೆಯುವ ಕೆಲಸ ತಪ್ಪುತ್ತಿತ್ತು. ನನ್ನ ಜೊತೆಗಾರರೂ ಉಳಿಯುತ್ತಿದ್ದರು. ಇದನ್ನೆಲ್ಲ ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. ಹಿರೇಮಠರು ತೀರಿಕೊಂಡಿದ್ದರು. ಇಲಾಖೆಯಲ್ಲಿ ಯಾರಿಗೆ ಹೇಳಿದರೂ ಅದು ಆ ಜೊತೆಗಾರರ ಕಿವಿಗೆ ಬೀಳುವುದು ಖಂಡಿತ. ಹೆಂಡತಿಗೆ ಹೇಳಬಹುದಿತ್ತು. ಆದರೆ ಕಚೇರಿಯ ಮಾತು ಮನೆಗೆ ತರಬಾರದು ಎಂದು ನಾನೇ ಹಾಕಿಕೊಂಡ ನೇಮ ಅಷ್ಟು ವರ್ಷಗಳಲ್ಲಿ ಗಟ್ಟಿಯಾಗಿ, ಹೇಳಬೇಕೆಂದಾಗ ಮಾತು ಎಲ್ಲಿಂದ ಶುರು ಮಾಡಬೇಕು ಎಂಬುದೇ ತಿಳಿಯದ ಹಾಗೆ ಆಗಿತ್ತು.

ಮರುದಿನ ಹಗರಿಬೊಮ್ಮನಹಳ್ಳಿ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಖಾಸಿಂಸಾಬರು ಕುಳಿತಿದ್ದರು. ನಾನು ಆ ದಾರಿಯಲ್ಲಿ ಬರುವುದು ಗೊತ್ತಿದ್ದು ಕಾಯುತ್ತಿದ್ದರು. ಹೇಳಿಕೆಯ ಕಾಗದ ಆಗಲೇ ಅವರ ಕೈ ಸೇರಿತ್ತು. ಬರೆದವರು ಬೇರೆಯವರು. ಸಹಿ ಮಾಡುವುದೊಂದೇ ಉಳಿದಿತ್ತು.

"ಸರ, ಸಹಿ ಹಾಕ್ಲ್ಯೋ ಬ್ಯಾಡೋ?"

"ಅದನ್ನ ನನ್ನ ಕೇಳಬ್ಯಾಡ್ರಿ ಖಾಸಿಂಸಾಬ್ರ. ನಾ ಹೇಳಂಗಿಲ್ಲ."

"ಹೌದಲ್ರಿ. ನೀವು ಹೇಳಂಗಿಲ್ಲ." ಕಾಗದವನ್ನು ತೊಡೆಯ ಮೇಲೆ ಹರವಿಕೊಂಡರು. "ಎಲ್ಲಾರೂ ಬಂದು ಹೇಳಿ ಹೋದ್ರು. ಕ್ಲರ್ಕು, ಅಟೆಂಡರು, ನಮ್ಮ ಮಾಸ್ತರುಗಳು. 'ಏ ಖಾಸಿಂ, ಒಂದು ಸಹಿಯಿಂದ ಎಲ್ಲಾರೂ ಉಳೀತೀವಿ, ಹಾಕಿಬಿಡೋ' ಅಂತಾರ. ಖರೇ ಐತಿ. ಆದ್ರ ಸರ, ನಾ ಮರ್ತಿಲ್ಲ. ಮರ್ತೀನಿ ಅಂತ ಹೆಂಗ ಬರದು ಕೊಡ್ಲಿ? ಬೀಗ ಹಾಕಿ ಒಮ್ಮೆ ಜಗ್ಗಿ ನೋಡಿ, ನಾಕು ಹೆಜ್ಜಿ ಹೋಗಿ ಮತ್ತ ಬಂದು ಜಗ್ಗಿ ನೋಡಾಂವ ನಾನು. ನನ್ನ ಮಗಳು ನಗ್ತಿದ್ಲು. ಆಕಿ ಮುಂದ ಏನಂತ ಹೇಳ್ಲಿ?"

ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು. ಸಹಿ ಮಾಡಲಿಲ್ಲ.

ನಾನು ಕಂಡದ್ದನ್ನೆಲ್ಲ ಬರೆದೆ. ಯಾವ ಕಾಲೇಜಿನಿಂದ ಯಾವ ಕಾಲೇಜಿಗೆ, ಯಾವ ಕಮಿಟಿಯ ಮುಂಚೆ, ಯಾವ ದುಡ್ಡು ಎಲ್ಲಿ ಹೋಯಿತು, ನಮ್ಮ ಇಲಾಖೆ ಎಲ್ಲಿ ನೋಡದೆ ಬಂತು. ಖಾಸಿಂಸಾಬರ ಮೇಲಿನ ಪ್ಯಾರಾ ತೀರಿತು. ನಿವೃತ್ತಿಯ ದುಡ್ಡು ಪೂರ್ತಿ ಬಂತು. ಹಳೆಯ ಪ್ರಿನ್ಸಿಪಾಲರಿಗೂ ಇನ್ನಿಬ್ಬರಿಗೂ ನೋಟಿಸು ಹೋಯಿತು. ಮೈಕ್ರೋಸ್ಕೋಪುಗಳು ತಮ್ಮ ಮನೆಗೆ ಮರಳಿದವು.

ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಕೆಲಸದ ಮೇಲೆ ಹುರುಪು ಬರುತ್ತಿತ್ತು. ಆದರೆ ಮುಂದಿನದನ್ನೂ ಹೇಳಬೇಕು. ಗುಡ್ಡದ ಕಡೆಯ ಕಾಲೇಜಿನ ಹೊಸ ಕೋರ್ಸಿಗೆ ಆ ವರ್ಷ ಅನುಮತಿ ಸಿಗಲಿಲ್ಲ. ಇಟ್ಟಿಗಿಯ ಆ ಹುಡುಗನ ಕೆಲಸ ಹೋಯಿತು. ಅವನ ಜೊತೆ ಇನ್ನೂ ಕೆಲವರದು ಹೋಯಿತು. ಒಮ್ಮೆ ಹಡಗಲಿ ಬಸ್ ನಿಲ್ದಾಣದಲ್ಲಿ ಅವನನ್ನು ಕಂಡೆ. ಕೀಟನಾಶಕದ ಕಂಪನಿಯ ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದ. ನನ್ನನ್ನು ನೋಡಿದ, ಗುರುತು ಹಿಡಿದ, ಬೇರೆ ಬಸ್ಸು ಹತ್ತಿದ. ಅವನ ಹೆಸರನ್ನು ನಾನು ಎಲ್ಲೂ ಬರೆದಿರಲಿಲ್ಲ. ಅದನ್ನು ಕೂಗಿ ಹೇಳಬೇಕೆನ್ನಿಸಿತು. ಹೇಳಿ ಏನು ಮಾಡುವುದು? ನಮ್ಮ ಇಲಾಖೆಯ ಜೊತೆಗಾರರು ಊಟದ ಹೊತ್ತಿಗೆ ನನ್ನನ್ನು ಕರೆಯುವುದನ್ನು ಬಿಟ್ಟರು. ವರಾಂಡದ ತುದಿಯ ಕೋಣೆಯಲ್ಲಿ ನನ್ನ ಕೊನೆಯ ವರ್ಷಗಳು ಹಾಗೇ ಮುಗಿದವು.

ನಾನು ನಿವೃತ್ತನಾದ ಮೇಲೆ ಖಾಸಿಂಸಾಬರು ಮಗಳ ಮದುವೆಯ ಕಾರ್ಡು ಹಿಡಿದು ಕೊಟ್ಟೂರಿಗೆ ಬಂದರು. "ಈಗ ನೀವು ಆಡಿಟ್‌ನವ್ರಲ್ಲ. ಇನ್ನ ಏನೂ ನೆವ ಹೇಳಾಂಗಿಲ್ಲ, ಬರಬೇಕು" ಎಂದರು. ಹೋದೆ.

ಹಗರಿಬೊಮ್ಮನಹಳ್ಳಿಯ ಶಾದಿ ಮಹಲ್. ಹೊರಗೆ ಬೈಕುಗಳು, ಮಕ್ಕಳು, ಅತ್ತರಿನ ವಾಸನೆ. ನಮ್ಮ ಕಡೆ ಸಾಬರ ಮದುವೆಯಲ್ಲಿ ಸಸ್ಯಾಹಾರಿ ನೆಂಟರಿಗೆ ಬೇರೆ ಶಾಮಿಯಾನ, ಬೇರೆ ಒಲೆ, ಬೇರೆ ಅಡುಗೆಯವರು ಇರುತ್ತಾರೆ. ಅದು ಹಿಂದಿನಿಂದ ನಡೆದು ಬಂದ ಮರ್ಯಾದೆ. ಹೊಳಲು ಊರಿನಿಂದ ಅಡುಗೆಯ ಅಯ್ಯನವರೊಬ್ಬರನ್ನು ಕರೆಸಿ ಹೋಳಿಗೆ, ಪಲ್ಯ, ಅನ್ನ, ಸಾರು ಮಾಡಿಸಿದ್ದರು. ಕಾಲೇಜಿನವರಿಗೆ ಎಂದೇ ಒಂದು ಉದ್ದ ಸಾಲು ಹಾಕಿಸಿದ್ದರು. ಎಲೆ ಹಾಸಿ, ನೀರಿನ ಲೋಟ ಇಟ್ಟು ತಯಾರಾಗಿತ್ತು. ಆ ಸಾಲಿನಲ್ಲಿ ಒಬ್ಬರೂ ಇರಲಿಲ್ಲ.

ಅಯ್ಯನವರು ಸೌಟು ಹಿಡಿದು ನಿಂತಿದ್ದರು. "ಏನ್ ಸಾಬ್ರ, ಕಾಲೇಜಿನ ಮಂದಿ ಭಾಳ ಬರ್ತಾರ ಅಂದಿದ್ರಲ್ಲ? ಹೋಳಿಗಿ ಆರಿ ಹೋಗಾಕತ್ತಾವ."

"ಬರ್ತಾರ್ರಿ ಅಯ್ಯನೋರ. ಬಸ್ಸು ತಡ ಆಗೇತಿ ಕಾಣತೈತಿ" ಎಂದರು ಖಾಸಿಂಸಾಬರು. ನಾನು ಆಗಷ್ಟೇ ಬಸ್ಸಿನಿಂದ ಇಳಿದು ಬಂದವನು. ಯಾವ ಬಸ್ಸೂ ತಡವಾಗಿರಲಿಲ್ಲ. ಅದು ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು.

ನಾನು ಆ ಸಾಲಿನ ನಡುವೆ ಹೋಗಿ ಕುಳಿತೆ. ಅಯ್ಯನವರು ಬಡಿಸಿದರು. ಆ ಕಡೆ ಬೀಗರ ಪಂಕ್ತಿಯಿಂದ ಯಾರೋ "ಮಾಮೂ, ಇಧರ್ ಆವೋ" ಎಂದು ತಮ್ಮ ಕಡೆ ಕರೆದರು. ಖಾಸಿಂಸಾಬರು ಕೈ ಸನ್ನೆ ಮಾಡಿ ನನ್ನ ಪಕ್ಕದ ಎಲೆಗೆ ಬಂದು ಕುಳಿತರು.

"ನೀವು ಬೀಗರ ಕಡಿ ಹೋಗ್ರಿ. ಹೆಣ್ಣಿನ ತಂದಿ ನೀವು" ಎಂದೆ.

"ಅಲ್ಲಿ ಮಂದಿ ಅದಾರ್ರಿ ಸರ. ಇಲ್ಲಿ ನೀವು ಒಬ್ರ ಅದೀರಿ."

ಒಂದು ತುತ್ತು ತಿಂದರು. "ಮನಿಮನಿಗೆ ಹೋಗಿ ಕಾರ್ಡು ಕೊಟ್ಟೀನ್ರಿ. ಎಲ್ಲಾರೂ ತಗೊಂಡ್ರು. ಯಾರೂ ಬರಂಗಿಲ್ಲ ಅನ್ನಲಿಲ್ಲ." ಮತ್ತೆ ಸ್ವಲ್ಪ ಹೊತ್ತಿಗೆ, "ಅವತ್ತು ಸಹಿ ಹಾಕಿದ್ರ ಈ ಸಾಲು ತುಂಬತಿತ್ತು. ಹೌದಿಲ್ರಿ?"

ಸಮಾಧಾನದ ಮಾತು ಬಾಯಿಗೆ ಬಂತು. ಆಡಲಿಲ್ಲ. "ತುಂಬತಿತ್ರಿ" ಎಂದೆ.

"ಬ್ಯಾಸರ ಆಗೇತ್ರಿ. ಸುಳ್ಳು ಯಾಕ ಹೇಳ್ಲಿ." ಹೋಳಿಗೆ ಮುರಿದು ತುಪ್ಪಕ್ಕೆ ಅದ್ದಿದರು. "ಆದ್ರ ಇವತ್ತು ಮತ್ತ ಆ ಕಾಗದ ತಂದ್ರೂ ಹಾಕಂಗಿಲ್ರಿ ಸರ."

ಅಯ್ಯನವರು ಹೋಳಿಗೆಯ ತಟ್ಟೆ ಹಿಡಿದು ಮತ್ತೆ ಬಂದರು. ನನಗೆ ಹೊಟ್ಟೆ ತುಂಬಿತ್ತು. ಖಾಸಿಂಸಾಬರಿಗೂ ತುಂಬಿತ್ತು ಎಂದು ಕಾಣುತ್ತದೆ. ಆದರೂ ಇಬ್ಬರೂ ಹಾಕಿಸಿಕೊಂಡೆವು, ಚೂರು ಚೂರು ಮುರಿದು ನಿಧಾನಕ್ಕೆ ತಿಂದೆವು. ನಾವು ಎದ್ದರೆ ಆ ಸಾಲು ಪೂರ್ತಿ ಖಾಲಿಯಾಗುತ್ತಿತ್ತು.